ಟೇಬಲ್ ಟೆನ್ನಿಸ್ ರೇಟಿಂಗ್‌ಗಳ ಉಬ್ಬರ ಮತ್ತು ಇಳಿತ

ಟೇಬಲ್ ಟೆನ್ನಿಸ್ ಆಟಗಾರರ ಬಲವನ್ನು ಸೂಚಿಸುವ ರೇಟಿಂಗ್ ಎಂಬ ಅಂಕಿಯು, ಆಟದ ಮಟ್ಟದಲ್ಲಿ ತಕ್ಕ ಬದಲಾವಣೆ ಇಲ್ಲದಿದ್ದರೂ ವರ್ಷಗಳು ಕಳೆದಂತೆ ಏರುತ್ತ ಹೋಗುವುದನ್ನು ರೇಟಿಂಗ್ ಉಬ್ಬರ ಎಂದೂ, ಇಳಿಯುತ್ತ ಹೋಗುವುದನ್ನು ರೇಟಿಂಗ್ ಇಳಿತ ಎಂದೂ ಕರೆಯಲಾಗುತ್ತದೆ. ಹಣದುಬ್ಬರದಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಕುಗ್ಗುವಂತೆ, ರೇಟಿಂಗ್ ಉಬ್ಬರದಲ್ಲಿ ಒಂದು ಅಂಕಿಯ ಹಿಂದಿರುವ ಆಟದ ಬಲ ಕುಗ್ಗುತ್ತದೆ. ಇಳಿತದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಹತ್ತು ವರ್ಷಗಳ ಹಿಂದೆ 1500 ಅಂಕವಿದ್ದ ಆಟಗಾರನಷ್ಟೇ ಚೆನ್ನಾಗಿ ಆಡುವವನಿಗೆ ಇಂದು 1400 ಅಂಕ ದೊರೆಯಬಹುದು.

ಏನೂ ತಿದ್ದುಪಡಿ ಮಾಡದೆ ಬಿಟ್ಟ ರೇಟಿಂಗ್ ವ್ಯವಸ್ಥೆಯ ಸಹಜ ಒಲವು ಇಳಿತದ ಕಡೆಗೆ ಎಂಬುದು ಈ ವಿಷಯವನ್ನು ಅಭ್ಯಸಿಸಿದವರ ಸಾಮಾನ್ಯ ಅಭಿಪ್ರಾಯ. ಆದರೆ ಬಳಕೆಯಲ್ಲಿರುವ ಬಹುತೇಕ ಎಲ್ಲ ವ್ಯವಸ್ಥೆಗಳಲ್ಲಿಯೂ ಇಳಿತವನ್ನು ತಡೆಯುವ ಏರ್ಪಾಡುಗಳಿವೆ. ಆ ಏರ್ಪಾಡುಗಳ ಅಳತೆ ತಪ್ಪಿದಾಗ ಉಬ್ಬರ ಉಂಟಾಗುತ್ತದೆ. ಆದ್ದರಿಂದ "ರೇಟಿಂಗ್‌ಗಳು ಉಬ್ಬುತ್ತವೆಯೋ ಕುಗ್ಗುತ್ತವೆಯೋ" ಎಂಬ ಪ್ರಶ್ನೆಗೆ ಎಲ್ಲ ಸಂಸ್ಥೆಗಳಿಗೂ, ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ.

ರೇಟಿಂಗ್ ಮತ್ತು ಕ್ರಮಾಂಕ

ರೇಟಿಂಗ್ ಬೇರೆ, ಕ್ರಮಾಂಕ ಅಥವಾ ರ‍್ಯಾಂಕಿಂಗ್ ಬೇರೆ. ದಿನಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಈ ಎರಡು ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದರಿಂದ ಗೊಂದಲ ಹೆಚ್ಚಾಗಿದೆ. ಯಾರನ್ನು ಸೋಲಿಸಿದರು, ಯಾರಿಗೆ ಸೋತರು ಎಂಬುದನ್ನು ಆಧರಿಸಿ ಪ್ರತಿ ಪಂದ್ಯದ ಅನಂತರ ಏರಿಳಿಯುವ ಅಂಕಿ ರೇಟಿಂಗ್. ನಿಗದಿತ ಅವಧಿಯಲ್ಲಿ ಪಂದ್ಯಾವಳಿಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಆಟಗಾರರನ್ನು ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುವುದು ಕ್ರಮಾಂಕ.

ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಫೆಡರೇಷನ್ 2017ರ ಕೊನೆಯವರೆಗೆ ರೇಟಿಂಗ್ ಅಂಶವುಳ್ಳ ಪದ್ಧತಿಯನ್ನು ಅನುಸರಿಸುತ್ತಿತ್ತು. 2018ರ ಜನವರಿಯಿಂದ ಅದನ್ನು ಕೈಬಿಟ್ಟು, ಹಿಂದಿನ ಹನ್ನೆರಡು ತಿಂಗಳುಗಳ ಅತ್ಯುತ್ತಮ ಎಂಟು ಫಲಿತಾಂಶಗಳನ್ನು ಕೂಡಿಸುವ ಕ್ರಮಾಂಕ ಪದ್ಧತಿಯನ್ನು ಜಾರಿಗೆ ತಂದಿತು. ಹಳೆಯ ಪದ್ಧತಿಯಲ್ಲಿ ಉನ್ನತ ಸ್ಥಾನದಲ್ಲಿದ್ದವರು ಆಡದೆ ಕುಳಿತರೂ ಹೆಚ್ಚಿನ ನಷ್ಟವಾಗುತ್ತಿರಲಿಲ್ಲ ಎಂಬುದು ಬದಲಾವಣೆಗೆ ಒಂದು ಕಾರಣ. ಹೊಸ ಪದ್ಧತಿಯಲ್ಲಿ ಹಳೆಯ ಫಲಿತಾಂಶಗಳು ತಾವಾಗಿಯೇ ಉದುರಿಹೋಗುವುದರಿಂದ ಈ ಲೇಖನದಲ್ಲಿ ಹೇಳುವ ಅರ್ಥದ ಉಬ್ಬರ ಅಥವಾ ಇಳಿತ ಅಲ್ಲಿ ನಡೆಯುವುದಿಲ್ಲ. ಪಂದ್ಯಾವಳಿಗಳ ಸಂಖ್ಯೆಯನ್ನೋ ಒಂದೊಂದಕ್ಕೆ ನೀಡುವ ಅಂಕಗಳನ್ನೋ ಹೆಚ್ಚಿಸಿದರೆ ಎಲ್ಲರ ಮೊತ್ತವೂ ಏರುತ್ತದೆಯಾದರೂ ಸಾಲಿನಲ್ಲಿ ನಿಂತ ಸ್ಥಾನಗಳಿಗೆ ಅದರಿಂದ ಬಾಧೆಯಿಲ್ಲ. ಭಾರತದ ರಾಷ್ಟ್ರೀಯ ಪಟ್ಟಿಗಳೂ ಕರ್ನಾಟಕ ಟೇಬಲ್ ಟೆನ್ನಿಸ್ ಸಂಸ್ಥೆಯ ರಾಜ್ಯ ರ‍್ಯಾಂಕಿಂಗ್ ಪಂದ್ಯಾವಳಿಗಳೂ ಕ್ರಮಾಂಕದ ವರ್ಗಕ್ಕೇ ಸೇರಿದವು.

ಈ ವ್ಯತ್ಯಾಸ ಬರಿಯ ಪದಗಳದ್ದಲ್ಲ ಎಂಬುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಭಾರತ ಮಹಿಳಾ ತಂಡದ ಆಯ್ಕೆ ಒಳ್ಳೆಯ ನಿದರ್ಶನ. ಆ ವರ್ಷದ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಅಯ್ಹಿಕಾ ಮುಖರ್ಜಿ ವಿಶ್ವದ ಅಗ್ರ ಆಟಗಾರ್ತಿ, ಚೀನಾದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದ್ದರು. ಆದರೂ ಒಲಿಂಪಿಕ್ ತಂಡದ ಮೂರನೆಯ ಸ್ಥಾನ ವಿಶ್ವ ಕ್ರಮಾಂಕದಲ್ಲಿ ಅವರಿಗಿಂತ ಮುಂದಿದ್ದ ಬೆಂಗಳೂರಿನ ಅರ್ಚನಾ ಕಾಮತ್ ಅವರಿಗೆ ದೊರೆಯಿತು. ಅಯ್ಹಿಕಾ ಮೀಸಲು ಆಟಗಾರ್ತಿಯಾದರು. ಕ್ರಮಾಂಕ ಪದ್ಧತಿಯಲ್ಲಿ ಗೆಲುವಿನ ಬೆಲೆಯನ್ನು ಪಂದ್ಯಾವಳಿಯ ದರ್ಜೆ ಮತ್ತು ಹಂತ ನಿರ್ಧರಿಸುತ್ತವೆ. ರೇಟಿಂಗ್ ಪದ್ಧತಿ ಇದ್ದಿದ್ದರೆ ಅಷ್ಟು ದೊಡ್ಡ ಎದುರಾಳಿಯ ಮೇಲಿನ ಒಂದೇ ಗೆಲುವು ಗಣನೀಯ ಏರಿಕೆಯನ್ನು ತರುತ್ತಿತ್ತು. ಆದರೆ ಇದರಿಂದ ಆಯ್ಕೆ ತಪ್ಪಾಗಿತ್ತೆಂದು ಹೇಳಲಾಗದು: ಪ್ಯಾರಿಸ್‌ನಲ್ಲಿ ಭಾರತ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲಪಿತು, ಜರ್ಮನಿಯ ಎದುರು 1–3ರಿಂದ ಸೋತ ಆ ಪಂದ್ಯದಲ್ಲಿ ಭಾರತಕ್ಕೆ ದೊರೆತ ಏಕೈಕ ಗೆಲುವು ಅರ್ಚನಾ ಅವರದು.

ಲೆಕ್ಕದ ಬಗೆ

ಇಂದಿನ ಬಹುಪಾಲು ರೇಟಿಂಗ್ ಪದ್ಧತಿಗಳ ಮೂಲ, ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೋ (1903–1992) ಚದುರಂಗಕ್ಕಾಗಿ ರೂಪಿಸಿದ ಪದ್ಧತಿ. ಅಮೆರಿಕದ ಚದುರಂಗ ಸಂಸ್ಥೆ ಇದನ್ನು 1960ರಲ್ಲಿಯೂ ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ 1970ರಲ್ಲಿಯೂ ಒಪ್ಪಿಕೊಂಡವು. ಇದರ ತತ್ತ್ವ ಸರಳವಾದುದು. ಇಬ್ಬರು ಆಟಗಾರರ ರೇಟಿಂಗ್‌ಗಳ ಅಂತರದಿಂದ ಯಾರು ಎಷ್ಟು ಸಲ ಗೆಲ್ಲಬಹುದೆಂಬ ನಿರೀಕ್ಷೆಯನ್ನು ಲೆಕ್ಕ ಹಾಕಲಾಗುತ್ತದೆ. ಫಲಿತಾಂಶವು ನಿರೀಕ್ಷೆಗಿಂತ ಮೇಲಾದರೆ ಅಂಕ ಸೇರುತ್ತದೆ, ಕೆಳಗಾದರೆ ಕಳೆಯುತ್ತದೆ. ಒಬ್ಬನಿಗೆ ಸೇರಿದ್ದು ಇನ್ನೊಬ್ಬನಿಂದ ಹೋದದ್ದೇ.

ಅಮೆರಿಕದ ಟೇಬಲ್ ಟೆನ್ನಿಸ್ ಸಂಸ್ಥೆ ಸೂತ್ರದ ಬದಲು ದೀರ್ಘಕಾಲ ಒಂದು ಕೋಷ್ಟಕವನ್ನು ಬಳಸಿದೆ. ಅದರಲ್ಲಿ ಇಬ್ಬರ ಅಂತರ 0ರಿಂದ 12ರೊಳಗೆ ಇದ್ದರೆ ಗೆದ್ದವರಿಗೆ 8 ಅಂಕ ಸೇರಿ ಸೋತವರಿಗೆ 8 ಅಂಕ ಹೋಗುತ್ತದೆ. ಅಂತರ 88ರಿಂದ 112ರೊಳಗೆ ಇದ್ದಾಗ ಬಲಶಾಲಿ ಗೆದ್ದರೆ 4 ಅಂಕ, ದುರ್ಬಲನೆಂದು ಎಣಿಸಿದವನು ಗೆದ್ದರೆ 20 ಅಂಕ ಕೈ ಬದಲಾಗುತ್ತದೆ. ಅಂತರ 238 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಬಲಶಾಲಿಗೆ ಗೆಲುವಿನಿಂದ ಏನೂ ದೊರೆಯದು; ಸೋತರೆ ಮಾತ್ರ 50 ಅಂಕಗಳ ದಂಡ.

ಜರ್ಮನಿಯ ಟಿಟಿಆರ್ ಪದ್ಧತಿ ಎಲೋ ಸೂತ್ರವನ್ನೇ ಅನುಸರಿಸುತ್ತದೆ, ಆದರೆ ಅಳತೆಗೋಲು ಬೇರೆ. ಚದುರಂಗದಲ್ಲಿ 400 ಅಂಕಗಳ ಅಂತರವಿದ್ದಾಗ ಬಲಶಾಲಿಯ ಗೆಲುವಿನ ನಿರೀಕ್ಷೆ ಹನ್ನೊಂದರಲ್ಲಿ ಹತ್ತು ಪಾಲು. ಜರ್ಮನಿಯ ಟೇಬಲ್ ಟೆನ್ನಿಸ್‌ನಲ್ಲಿ ಅದೇ ನಿರೀಕ್ಷೆಗೆ 150 ಅಂಕಗಳ ಅಂತರ ಸಾಕು. ಆದುದರಿಂದ ಒಂದು ದೇಶದ 1600ನ್ನು ಇನ್ನೊಂದು ದೇಶದ 1600ರೊಡನೆ ಹೋಲಿಸುವುದು ಮೈಲಿಯನ್ನು ಕಿಲೋಮೀಟರಿನೊಡನೆ ಹೋಲಿಸಿದಂತೆ. ನಿಜಕ್ಕೆ ಅದಕ್ಕಿಂತಲೂ ಕೆಟ್ಟದ್ದು. ಮೈಲಿ ಮತ್ತು ಕಿಲೋಮೀಟರುಗಳ ನಡುವೆ ಸ್ಥಿರವಾದ ಸಂಬಂಧವಾದರೂ ಇದೆ.

ಇಳಿತ ಉಂಟಾಗುವ ಬಗೆ

ಅಂಕಗಳು ಕೈಯಿಂದ ಕೈಗೆ ಹೋಗುವುದೇ ಹೊರತು ಹೊಸದಾಗಿ ಹುಟ್ಟುವುದಿಲ್ಲವಾದರೆ ಒಟ್ಟು ಮೊತ್ತ ಸ್ಥಿರವಾಗಿರಬೇಕು, ಸರಾಸರಿಯೂ ಸ್ಥಿರವಾಗಿರಬೇಕು ಎಂದು ತೋರುತ್ತದೆ. ಆಟಗಾರರು ಬದಲಾಗದೆ ಉಳಿದರೆ ಇದು ನಿಜ. ಆದರೆ ಯಾವ ಕ್ರೀಡೆಯಲ್ಲಿಯೂ ಆಟಗಾರರು ಬದಲಾಗದೆ ಉಳಿಯುವುದಿಲ್ಲ. ಮಕ್ಕಳು ಕಡಿಮೆ ಅಂಕದೊಡನೆ ಬರುತ್ತಾರೆ, ಕಲಿಯುತ್ತಾರೆ, ಏರುತ್ತಾರೆ, ಕೊನೆಗೆ ಹೆಚ್ಚಿನ ಅಂಕದೊಡನೆ ಆಟ ಬಿಡುತ್ತಾರೆ. ಬರುವಾಗ ತಂದದ್ದಕ್ಕಿಂತ ಹೆಚ್ಚಿನ ಅಂಕಗಳನ್ನು ಹೋಗುವಾಗ ಒಯ್ಯುವುದರಿಂದ ಉಳಿದವರ ಪಾಲಿಗೆ ಉಳಿಯುವುದು ಕಡಿಮೆಯಾಗುತ್ತ ಬರುತ್ತದೆ. ಎಲೋ ಅವರೇ 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಪ್ರವೃತ್ತಿಯನ್ನು ಚರ್ಚಿಸಿದ್ದಾರೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ ಆರು ಮಂದಿ ಮಾತ್ರ ಆಡುವ ಒಂದು ಟೇಬಲ್ ಇದೆಯೆಂದು ಭಾವಿಸೋಣ. ಐವರು ಹಿರಿಯರು, ಪ್ರತಿಯೊಬ್ಬರ ರೇಟಿಂಗ್ 1300. ಆರನೆಯವಳು ಶಾಲಾ ಬಾಲಕಿ. ಅವಳ ರೇಟಿಂಗ್ 1200. ಆರು ಮಂದಿಯ ಒಟ್ಟು ಅಂಕ 7700. ಬೇಸಿಗೆ ರಜೆಯಲ್ಲಿ ದಿನವೂ ಅಭ್ಯಾಸ ಮಾಡಿದ ಬಾಲಕಿಯ ನಿಜವಾದ ಬಲ ಈಗ ಬಹಳ ಹೆಚ್ಚಾಗಿದೆ, ಆದರೆ ಅಂಕಿ ಅದನ್ನು ಅರಿಯದು. ಪಂದ್ಯಾವಳಿಯಲ್ಲಿ ಅವಳು ಐವರನ್ನೂ ಸೋಲಿಸುತ್ತಾಳೆ. ಅಮೆರಿಕದ ಕೋಷ್ಟಕವನ್ನು ತಿದ್ದುಪಡಿ ಇಲ್ಲದೆ ಬಳಸಿದರೆ ಅವಳಿಗೆ ಐದು ಸಲ 20ರಂತೆ 100 ಅಂಕ ಸೇರಿ 1300 ಆಗುತ್ತದೆ. ಹಿರಿಯರು ತಲಾ 20 ಅಂಕ ಕಳೆದುಕೊಂಡು 1280ಕ್ಕೆ ಇಳಿಯುತ್ತಾರೆ. ಅವರ ಆಟ ಎಳ್ಳಷ್ಟೂ ಕೆಟ್ಟಿಲ್ಲ. ಒಟ್ಟು ಅಂಕ ಈಗಲೂ 7700. ಮುಂದಿನ ವರ್ಷ ಬಾಲಕಿ ಓದಿಗಾಗಿ ಊರು ಬಿಟ್ಟರೆ ಉಳಿದವರ ಸರಾಸರಿ 1280 ಆಗಿ ಅಲ್ಲಿಯೇ ನಿಲ್ಲುತ್ತದೆ. ಅವಳ ಸ್ಥಾನಕ್ಕೆ 1200 ಅಂಕದ ಇನ್ನೊಬ್ಬ ಹುಡುಗ ಬಂದು ಇದೇ ಹಾದಿಯಲ್ಲಿ ಬೆಳೆದರೆ ಹಿರಿಯರು ಮತ್ತಷ್ಟು ಇಳಿಯುತ್ತಾರೆ. ಹತ್ತು ಮಕ್ಕಳು ಹೀಗೆ ಬಂದುಹೋದ ಮೇಲೆ, ಮೊದಲಿನಂತೆಯೇ ಆಡುತ್ತಿರುವ ಹಿರಿಯನೊಬ್ಬ ತನ್ನ ಅಂಕಿಯನ್ನು ನೋಡಿಕೊಂಡು ತನಗೆ ವಯಸ್ಸಾಯಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಈ ಊರು ಗಾಂಧೀಜಿಯವರ ಕಾಲದಿಂದ ಖಾದಿಗೆ ಹೆಸರಾದುದು. ನೂಲಿನ ನಂಬರನ್ನು ಅದರ ಉದ್ದ ಮತ್ತು ತೂಕದಿಂದ ನಿರ್ಣಯಿಸಲಾಗುತ್ತದೆ. ಅಕ್ಕಪಕ್ಕದವರು ಎಷ್ಟು ನಯವಾಗಿ ನೂತರೆಂಬುದರಿಂದ ಒಬ್ಬರ ನೂಲಿನ ನಂಬರು ಬದಲಾಗದು. ರೇಟಿಂಗ್‌ಗೆ ಅಂಥ ಗಜವೂ ಇಲ್ಲ, ತಕ್ಕಡಿಯೂ ಇಲ್ಲ. ಅದು ಅಳೆಯುವುದು ನೆರೆಯವನೊಡನೆ ಇರುವ ಅಂತರವನ್ನು ಮಾತ್ರ.

ತರಬೇತಿ ಕೇಂದ್ರಗಳು ಹೆಚ್ಚಿರುವ ಪ್ರದೇಶಗಳಲ್ಲಿ ಇಳಿತದ ಒತ್ತಡ ಹೆಚ್ಚು. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿರುವ ಇಂಡಿಯಾ ಕಮ್ಯುನಿಟಿ ಸೆಂಟರ್‌ನ ಟೇಬಲ್ ಟೆನ್ನಿಸ್ ವಿಭಾಗವು ಕನಕ್ ಝಾ ಅವರಂಥ ಒಲಿಂಪಿಕ್ ಆಟಗಾರರು ಬೆಳೆದ ಸ್ಥಳ. ಬೇಗ ಬೆಳೆಯುವ ಮಕ್ಕಳು ಗುಂಪುಗೂಡಿದ ಇಂಥ ಕಡೆಗಳಲ್ಲಿ ವಾರಾಂತ್ಯಕ್ಕೆ ಮಾತ್ರ ಆಡುವ ವಯಸ್ಕನೊಬ್ಬನ ಅಂಕಿ, ಮಕ್ಕಳೇ ವಿರಳವಾದ ಊರಿನ ಸಮಬಲದ ಆಟಗಾರನ ಅಂಕಿಗಿಂತ ಕೆಳಗಿರುವ ಸಂಭವ ಹೆಚ್ಚು. ಪ್ರದೇಶಗಳ ನಡುವೆ ಪಂದ್ಯಗಳು ನಡೆಯುವಷ್ಟರ ಮಟ್ಟಿಗೆ ಮಾತ್ರ ಈ ವ್ಯತ್ಯಾಸ ಸರಿಹೋಗುತ್ತದೆ.

ಉಬ್ಬರಕ್ಕೆ ಕಾರಣಗಳು

ಇಳಿತವನ್ನು ತಡೆಯಲು ವ್ಯವಸ್ಥೆಗೆ ಹೊರಗಿನಿಂದ ಅಂಕಗಳನ್ನು ಸೇರಿಸಬೇಕಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಂದೇ ಪಂದ್ಯಾವಳಿಯಲ್ಲಿ 50ಕ್ಕಿಂತ ಹೆಚ್ಚು ಅಂಕ ಗಳಿಸಿದವರ ಆರಂಭದ ರೇಟಿಂಗ್ ತಪ್ಪಾಗಿತ್ತೆಂದು ಪರಿಗಣಿಸಿ ಮೊದಲು ಅದನ್ನು ಸರಿಪಡಿಸುತ್ತಾರೆ. ಅನಂತರ ಸರಿಪಡಿಸಿದ ಅಂಕಿಯಿಂದ ಎಲ್ಲರ ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಬಾಲಕಿಯ ಆರಂಭದ ಅಂಕಿಯನ್ನು 1300 ಎಂದು ಸರಿಪಡಿಸಿದರೆಂದು ಭಾವಿಸಿದರೆ, ಹಿರಿಯರಿಗೆ ತಲಾ 20ರ ಬದಲು 8 ಅಂಕ ಮಾತ್ರ ನಷ್ಟವಾಗಿ ಅವರು 1292ರಲ್ಲಿ ನಿಲ್ಲುತ್ತಾರೆ. ಬಾಲಕಿ 1340ಕ್ಕೆ ಏರುತ್ತಾಳೆ. ಒಟ್ಟು ಅಂಕ 7700ರಿಂದ 7800 ಆಗುತ್ತದೆ. ಹೊಸದಾಗಿ ಹುಟ್ಟಿದ ಈ 100 ಅಂಕಗಳು ಬಾಲಕಿಯ ನಿಜವಾದ ಬೆಳವಣಿಗೆಗೆ ಸಮನಾಗಿದ್ದರೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಆದರೆ ಆ ಗೆಲುವುಗಳು ಒಂದು ದಿನದ ಅದೃಷ್ಟದಿಂದ ಬಂದವಾಗಿದ್ದರೆ ಕಾರಣವಿಲ್ಲದೆ 100 ಅಂಕಗಳು ಚಲಾವಣೆಗೆ ಬಂದಂತಾಯಿತು. ಸರಿಪಡಿಸುವ ನಿಯಮವು ಏರಿದವರಿಗೆ ಮಾತ್ರ ಅನ್ವಯಿಸಿ ಕುಸಿದವರಿಗೆ ಅನ್ವಯಿಸದಿರುವುದರಿಂದ ಅದೃಷ್ಟದ ಏರಿಕೆಗಳೂ ವರ್ಷಗಳಲ್ಲಿ ಸಂಗ್ರಹವಾಗುತ್ತವೆ.

ಇಂತಿಷ್ಟಕ್ಕಿಂತ ಕೆಳಗೆ ಯಾರ ಅಂಕಿಯೂ ಇಳಿಯಬಾರದೆಂಬ ಕನಿಷ್ಠ ಮಿತಿ ಉಬ್ಬರದ ಇನ್ನೊಂದು ಮೂಲ. ಮಿತಿಯಲ್ಲಿ ನಿಂತವನು ಸೋತಾಗ ಗೆದ್ದವನಿಗೆ ಅಂಕ ಸೇರುತ್ತದೆ, ಆದರೆ ಸೋತವನಿಂದ ಅದು ಹೋಗುವುದಿಲ್ಲ. ಭಾಗವಹಿಸಿದ್ದಕ್ಕಾಗಿಯೇ ನೀಡುವ ಅಂಕಗಳೂ ಇದೇ ಬಗೆಯವು.

ಹೊರಗಿನವರೊಡನೆ ಆಡದ ಮುಚ್ಚಿದ ಗುಂಪುಗಳಲ್ಲಿ ಉಬ್ಬರ ವಿಚಿತ್ರ ರೂಪಗಳನ್ನು ತಾಳುತ್ತದೆ. ಇದಕ್ಕೆ ಪ್ರಸಿದ್ಧ ನಿದರ್ಶನ ಚದುರಂಗದ್ದು. ಅಮೆರಿಕದ ವರ್ಜೀನಿಯಾ ರಾಜ್ಯದ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕ್ಲಾಡ್ ಬ್ಲಡ್‌ಗುಡ್ ಸಹಕೈದಿಗಳೊಡನೆ ಅಸಂಖ್ಯ ಪಂದ್ಯಗಳನ್ನಾಡಿ 1996ರ ಹೊತ್ತಿಗೆ 2759ರ ರೇಟಿಂಗ್ ಗಳಿಸಿ, ಆ ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದ್ದನು. ಗೋಡೆಯ ಹೊರಗಿನ ಗ್ರ್ಯಾಂಡ್‌ಮಾಸ್ಟರುಗಳಲ್ಲಿ ಒಬ್ಬರನ್ನೂ ಅವನು ಎದುರಿಸಬೇಕಾಗಿರಲಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಲೆಕ್ಕಕ್ಕೆ ಸಿಕ್ಕಿದ ಜಗತ್ತು ಚಿಕ್ಕದಾಗಿತ್ತು.

ಆಟದ ನಿಯಮಗಳ ಬದಲಾವಣೆ

ಟೇಬಲ್ ಟೆನ್ನಿಸ್‌ನಲ್ಲಿ ಚದುರಂಗಕ್ಕಿಲ್ಲದ ಒಂದು ತೊಡಕಿದೆ. ಚದುರಂಗದ ಕಾಯಿಗಳು ನಡೆಯುವ ರೀತಿ ಶತಮಾನಗಳಿಂದ ಬದಲಾಗಿಲ್ಲ. ಟೇಬಲ್ ಟೆನ್ನಿಸ್ ಕಾಲು ಶತಮಾನದಲ್ಲಿ ಹಲವು ಸಲ ರೂಪ ಬದಲಿಸಿದೆ. 2000ದಲ್ಲಿ ಚೆಂಡಿನ ವ್ಯಾಸ 38 ಮಿಲಿಮೀಟರಿನಿಂದ 40 ಮಿಲಿಮೀಟರಿಗೆ ಏರಿತು. 2001ರಲ್ಲಿ ಒಂದು ಗೇಮ್ 21 ಅಂಕಗಳಿಂದ 11 ಅಂಕಗಳಿಗೆ ಇಳಿಯಿತು. 2008ರಲ್ಲಿ ವೇಗ ಹೆಚ್ಚಿಸುವ ಗೋಂದಿನ ಮೇಲೆ ನಿಷೇಧ ಬಂತು. 2014ರಿಂದ ಸೆಲ್ಯುಲಾಯ್ಡ್ ಚೆಂಡಿನ ಸ್ಥಾನವನ್ನು ಪ್ಲಾಸ್ಟಿಕ್ ಚೆಂಡು ಆಕ್ರಮಿಸಿತು.

ಇವುಗಳಲ್ಲಿ ರೇಟಿಂಗ್‌ಗೆ ನೇರವಾಗಿ ಸಂಬಂಧಿಸಿದುದು ಪಂದ್ಯದ ಉದ್ದ. ಪಂದ್ಯ ಚಿಕ್ಕದಾದಷ್ಟೂ ಅನಿರೀಕ್ಷಿತ ಫಲಿತಾಂಶದ ಸಂಭವ ಹೆಚ್ಚು. ಉದ್ದವಾದಷ್ಟೂ ಬಲಶಾಲಿಯೇ ಗೆಲ್ಲುವ ಸಂಭವ ಹೆಚ್ಚು. ಅನಿರೀಕ್ಷಿತ ಫಲಿತಾಂಶಗಳು ಹೆಚ್ಚಾದರೆ ಮೇಲಿನವರು ಕೆಳಕ್ಕೂ ಕೆಳಗಿನವರು ಮೇಲಕ್ಕೂ ಸರಿದು ಇಡೀ ಪಟ್ಟಿ ಮಧ್ಯಕ್ಕೆ ಒತ್ತಿಕೊಳ್ಳುತ್ತದೆ. ಸರಾಸರಿ ಬದಲಾಗದಿದ್ದರೂ ಶಿಖರದಲ್ಲಿರುವವರಿಗೆ ಇದು ಇಳಿತವಾಗಿಯೂ ಬುಡದಲ್ಲಿರುವವರಿಗೆ ಉಬ್ಬರವಾಗಿಯೂ ಕಾಣುತ್ತದೆ. ಬಲಶಾಲಿಗಳ ನಡುವಿನ ಅಂಕಿಗಳನ್ನು ಮಾತ್ರ ನೋಡಿ ಉಬ್ಬರ ಅಥವಾ ಇಳಿತದ ತೀರ್ಪು ಕೊಡುವುದು ಈ ಕಾರಣದಿಂದ ಸರಿಯಲ್ಲ.

ಚದುರಂಗದ ಅನುಭವ ಮತ್ತು ಕರ್ನಾಟಕ

ಭಾರತದಲ್ಲಿ ರೇಟಿಂಗ್‌ನ ಉಬ್ಬರ ಮತ್ತು ಇಳಿತಗಳು ಆಟಗಾರರ ಬದುಕನ್ನು ನೇರವಾಗಿ ಮುಟ್ಟಿರುವುದು ಚದುರಂಗದಲ್ಲಿ. ಅಲ್ಲಿ ಬಿರುದುಗಳು ಸ್ಥಿರವಾದ ಅಂಕಿಗಳಿಗೆ ಕಟ್ಟಿಹಾಕಲ್ಪಟ್ಟಿವೆ. ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ ನಾರ್ಮ್‌ಗಳೆಂಬ ನಿಗದಿತ ಸಾಧನೆಗಳ ಜೊತೆಗೆ ರೇಟಿಂಗ್ ಒಮ್ಮೆಯಾದರೂ 2500ನ್ನು ಮುಟ್ಟಬೇಕು. ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದಿಗೆ 2400. ರೇಟಿಂಗ್‌ಗಳು ಉಬ್ಬಿದರೆ ಬಿರುದು ಸುಲಭವಾಗುತ್ತದೆ, ಕುಗ್ಗಿದರೆ ಕಠಿಣವಾಗುತ್ತದೆ. ನಿಯಮಪುಸ್ತಕದ ಅಂಕಿ ಮಾತ್ರ ಅದೇ ಆಗಿರುತ್ತದೆ.

ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಸುಮಾರು ಮೂರು ದಶಕಗಳ ಅನಂತರ ಇದು ನಡೆಯಿತು. ಅನಂತರ ಮೈಸೂರಿನವರೇ ಆದ ಗಿರೀಶ್ ಕೌಶಿಕ್ ಸಹ ಈ ಬಿರುದನ್ನು ಪಡೆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಭಾರತದ 76ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ನಾರ್ಮ್‌ಗಳನ್ನು ಅದಕ್ಕೆ ಮೊದಲೇ ಪೂರೈಸಿದ್ದ ಅವರಿಗೆ ಉಳಿದಿದ್ದ ಕೊನೆಯ ಮೆಟ್ಟಿಲು 2500ರ ಗೆರೆ. ಅದನ್ನು ರುಮೇನಿಯಾದ ಮಮಾಯಾದಲ್ಲಿ ನಡೆದ ವಿಶ್ವ ಯುವ ಚಾಂಪಿಯನ್‌ಷಿಪ್‌ನಲ್ಲಿ ದಾಟಿದರು. ಗೆರೆಗೆ ಸಮೀಪ ಬಂದು ನಿಂತ ಆಟಗಾರನಿಗೆ ಹತ್ತಿಪ್ಪತ್ತು ಅಂಕಗಳ ಉಬ್ಬರವೋ ಇಳಿತವೋ ಒಂದೆರಡು ವರ್ಷಗಳ ಕಾಯುವಿಕೆಯ ಪ್ರಶ್ನೆಯಾಗಬಲ್ಲದು.

ಭಾರತದಲ್ಲಿ ಈ ಕಾಯುವಿಕೆಯನ್ನು ಉದ್ದವಾಗಿಸುವ ವಿಶೇಷ ಕಾರಣವೊಂದಿದೆ. ಇಲ್ಲಿನ ಪಂದ್ಯಾವಳಿಗಳಲ್ಲಿ ಕಿರಿಯರ ಸಂಖ್ಯೆ ಬಹಳ ದೊಡ್ಡದು; ಅವರ ಆಟ ಅವರ ಅಂಕಿಗಿಂತ ಬೇಗ ಬೆಳೆಯುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಮುಖಾಮುಖಿ ಪಂದ್ಯಗಳು ನಿಂತಾಗ ಮಕ್ಕಳು ಮನೆಯಲ್ಲಿ ಕುಳಿತು ಅಂತರಜಾಲದಲ್ಲಿ ಆಡುತ್ತ ಕಲಿತರು. ಪಂದ್ಯಗಳು ಮತ್ತೆ ಆರಂಭವಾದಾಗ ಅವರು ಹಳೆಯ ಅಂಕಿ ಮತ್ತು ಹೊಸ ಬಲದೊಡನೆ ಹಿಂದಿರುಗಿದರು. ಅವರಿಗೆ ಸೋತ ಅನುಭವಿಗಳ ಅಂಕಗಳು ಕರಗಿದವು. ಬದನವಾಳುವಿನ ಕಲ್ಪಿತ ಟೇಬಲ್ಲಿನಲ್ಲಿ ಆರು ಮಂದಿಯ ನಡುವೆ ನಡೆದುದು ಇಲ್ಲಿ ಸಾವಿರಾರು ಮಂದಿಯ ನಡುವೆ ನಡೆಯಿತು.

ಫಿಡೆ ಇದಕ್ಕೆ ಹಲವು ಪರಿಹಾರಗಳನ್ನು ಪ್ರಯೋಗಿಸಿದೆ. 18 ವರ್ಷ ತುಂಬದ, 2300ಕ್ಕಿಂತ ಕೆಳಗಿನ ಆಟಗಾರರಿಗೆ ಬದಲಾವಣೆಯ ಗುಣಾಂಕ 40. ಸಾಮಾನ್ಯ ವಯಸ್ಕರಿಗೆ 20. 2400ನ್ನು ಒಮ್ಮೆ ಮುಟ್ಟಿದವರಿಗೆ 10. ಸಮಾನ ಅಂಕದ ಬಾಲಕನೊಬ್ಬ ವಯಸ್ಕನನ್ನು ಸೋಲಿಸಿದರೆ ಅವನಿಗೆ 20 ಅಂಕ ಸೇರುತ್ತದೆ, ವಯಸ್ಕನಿಂದ 10 ಮಾತ್ರ ಹೋಗುತ್ತದೆ. ಬಾಲಕ ಸೋತರೆ ಲೆಕ್ಕ ತಿರುಗುಮುರುಗಾಗುತ್ತದೆಯಾದರೂ ಬೆಳೆಯುತ್ತಿರುವ ಮಕ್ಕಳು ನಿರೀಕ್ಷೆಗಿಂತ ಹೆಚ್ಚು ಗೆಲ್ಲುವುದರಿಂದ ನಿವ್ವಳ ಪರಿಣಾಮ ಅಂಕಗಳ ಹೆಚ್ಚಳವೇ. ಇದೂ ಸಾಲದಾದಾಗ 2024ರ ಮಾರ್ಚ್ 1ರಂದು ಫಿಡೆ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಅಂಕಿತಜ್ಞ ಜೆಫ್ ಸೋನಾಸ್ ಅವರ ಅಧ್ಯಯನವನ್ನು ಆಧರಿಸಿ, 2000ಕ್ಕಿಂತ ಕೆಳಗಿರುವ ಪ್ರತಿಯೊಬ್ಬರಿಗೂ ಅವರ ಅಂಕಿ 2000ಕ್ಕೆ ಎಷ್ಟು ಕಡಿಮೆಯಿದೆಯೋ ಅದರ ಶೇಕಡ 40ರಷ್ಟನ್ನು ಒಂದೇ ಸಲಕ್ಕೆ ಸೇರಿಸಲಾಯಿತು. 1900 ಇದ್ದವರು 1940 ಆದರು, 1500 ಇದ್ದವರು 1700 ಆದರು, 1000 ಇದ್ದವರು 1400 ಆದರು. 1400 ಹೊಸ ಕನಿಷ್ಠ ಮಿತಿಯಾಯಿತು. ಹೊಸಬರ ಮೊದಲ ರೇಟಿಂಗನ್ನು ಲೆಕ್ಕ ಹಾಕುವಾಗ 1800 ಅಂಕದ ಇಬ್ಬರು ಕಾಲ್ಪನಿಕ ಎದುರಾಳಿಗಳೊಡನೆ ಸಮ ಮಾಡಿಕೊಂಡಂತೆ ಎಣಿಸುವ ನಿಯಮವೂ ಆಗಲೇ ಬಂದಿತು. ಆ ತಿಂಗಳ ಪಟ್ಟಿಯನ್ನು ಹಿಂದಿನ ತಿಂಗಳ ಪಟ್ಟಿಯೊಡನೆ ಹೋಲಿಸಿ ಮಗುವಿನ ಆಟ ಸುಧಾರಿಸಿತೆಂದು ಹಿಗ್ಗುವುದು ಸಲ್ಲದು.

ಒಂದೇ ಸಲಕ್ಕೆ ಅಂಕ ಸೇರಿಸಿದ್ದು ಇದೇ ಮೊದಲಲ್ಲ. ಮಹಿಳೆಯರು ಹೆಚ್ಚಾಗಿ ತಮ್ಮೊಳಗೆ ಮಾತ್ರ ಆಡುತ್ತಿದ್ದುದರಿಂದ ಅವರ ಅಂಕಿಗಳು ಪುರುಷರ ಅಂಕಿಗಳಿಗೆ ಹೋಲಿಸಿದರೆ ಕೆಳಗಿವೆ ಎಂಬ ಕಾರಣಕ್ಕೆ 1987ರ ಜನವರಿಯಲ್ಲಿ ಫಿಡೆ ಎಲ್ಲ ಮಹಿಳೆಯರಿಗೂ 100 ಅಂಕ ಸೇರಿಸಿತು. ಪುರುಷರೊಡನೆಯೇ ಹೆಚ್ಚು ಆಡುತ್ತಿದ್ದ ಹಂಗೆರಿಯ ಸೂಸನ್ ಪೋಲ್ಗರ್ ಒಬ್ಬರನ್ನು ಇದರಿಂದ ಹೊರಗಿಡಲಾಯಿತು. ಪಟ್ಟಿಯ ಮೇಲ್ಭಾಗದಲ್ಲಿದ್ದ ಅವರು ಇದರಿಂದ ಹಿಂದೆ ಬಿದ್ದರು. ಮುಚ್ಚಿದ ಗುಂಪಿನ ಅಂಕಿಗಳನ್ನು ಹೊರಗಿನ ಅಂಕಿಗಳೊಡನೆ ಸೇರಿಸುವಾಗ ಯಾರಿಗಾದರೂ ಅನ್ಯಾಯವಾಗದೆ ಇರುವುದು ಕಷ್ಟ.

ಟೇಬಲ್ ಟೆನ್ನಿಸ್‌ನ ಇತರ ಪರಿಹಾರಗಳು

ಜರ್ಮನಿಯ ಪದ್ಧತಿಯಲ್ಲಿ ಬದಲಾವಣೆಯ ಮೂಲ ಗುಣಾಂಕ 16. ಕಿರಿಯರಿಗೆ ಅದು ಹೆಚ್ಚು.

ಅಮೆರಿಕದ ಡೇವಿಡ್ ಮಾರ್ಕಸ್ ರೂಪಿಸಿದ, ಆಸ್ಟ್ರೇಲಿಯಾ ಮೊದಲಾದೆಡೆ ಬಳಕೆಯಲ್ಲಿರುವ ರೇಟಿಂಗ್ಸ್ ಸೆಂಟ್ರಲ್ ಪದ್ಧತಿ ಬೇರೆ ದಾರಿ ಹಿಡಿದಿದೆ. ಚದುರಂಗದಲ್ಲಿ ಮಾರ್ಕ್ ಗ್ಲಿಕ್‌ಮನ್ ರೂಪಿಸಿದ ಗ್ಲಿಕೋ ಪದ್ಧತಿಗೆ ಇದು ಹತ್ತಿರದ್ದು. ಇಲ್ಲಿ ಪ್ರತಿ ಆಟಗಾರನಿಗೂ ಒಂದರ ಬದಲು ಎರಡು ಅಂಕಿಗಳು: ಒಂದು ಅವನ ಬಲದ ಅಂದಾಜು, ಇನ್ನೊಂದು ಆ ಅಂದಾಜು ಎಷ್ಟು ಅನಿಶ್ಚಿತ ಎಂಬುದರ ಅಳತೆ. ಬಹುಕಾಲ ಆಡದಿದ್ದರೆ ಅನಿಶ್ಚಿತತೆ ಬೆಳೆಯುತ್ತದೆ, ಆಡಿದಂತೆ ಕುಗ್ಗುತ್ತದೆ. ಬಲ ಸರಿಯಾಗಿ ತಿಳಿಯದ ಹೊಸಬನಿಗೆ ಅನುಭವಿಯೊಬ್ಬ ಸೋತರೆ ಹೊಸಬನ ಅಂಕಿ ಬಹಳ ಏರುತ್ತದೆ, ಅನುಭವಿಯ ಅಂಕಿ ಸ್ವಲ್ಪವೇ ಇಳಿಯುತ್ತದೆ. ಒಬ್ಬನಿಗೆ ಸೇರಿದ್ದು ಇನ್ನೊಬ್ಬನಿಂದ ಹೋಗಲೇಬೇಕೆಂಬ ಕಟ್ಟುಪಾಡು ಇಲ್ಲಿಲ್ಲದ ಕಾರಣ ಕಲ್ಪಿತ ಉದಾಹರಣೆಯ ಹಿರಿಯರಿಗೆ ಆದಂಥ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಇದ್ದುದರಲ್ಲಿ ಇದು ಹೆಚ್ಚು ನ್ಯಾಯವಾದ ಪದ್ಧತಿ ಎನ್ನಬಹುದು; ಆದರೆ ಕಾಗದದ ಮೇಲೆ ಕೈಯಿಂದ ಲೆಕ್ಕ ಹಾಕಲು ಬಾರದು. ತನ್ನ ಅಂಕಿ ಏಕೆ ಬದಲಾಯಿತೆಂದು ಹತ್ತು ವರ್ಷದ ಹುಡುಗನಿಗೆ ಕೋಷ್ಟಕ ತೋರಿಸಿ ವಿವರಿಸುವ ಅನುಕೂಲ ಅಮೆರಿಕದ ಹಳೆಯ ಪದ್ಧತಿಗೇ ಇದೆ.

ಅಳೆಯುವ ಕಷ್ಟ

ಉಬ್ಬರ ಅಥವಾ ಇಳಿತ ಆಗಿದೆಯೇ ಎಂದು ಪರೀಕ್ಷಿಸಲು ಮೊದಲು ಮನಸ್ಸಿಗೆ ಬರುವ ಉಪಾಯ ಸರಾಸರಿಯನ್ನು ನೋಡುವುದು. ಇದು ಮೋಸಗೊಳಿಸುವ ಉಪಾಯ. ಆಟ ಜನಪ್ರಿಯವಾಗಿ ಹೊಸಬರು ಹೆಚ್ಚಾಗಿ ಬಂದರೆ ಸರಾಸರಿ ಇಳಿಯುತ್ತದೆ, ಅದು ಇಳಿತವಲ್ಲ. ಶಿಖರದ ಅಂಕಿಗಳನ್ನು ನೋಡುವುದೂ ಸಾಲದು. ಚದುರಂಗದಲ್ಲಿ 1972ರಲ್ಲಿ ಬಾಬಿ ಫಿಷರ್ ಅವರ ಅಂಕಿ 2785, ಅವರ ಎದುರಾಳಿ ಬೋರಿಸ್ ಸ್ಪಾಸ್ಕಿ ಅವರದು 2660. 2014ರಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 2882ಕ್ಕೆ ಏರಿದರು. ಇದು ಉಬ್ಬರವೋ ಆಟದ ಉನ್ನತಿಯೋ ಎಂಬುದು ಅಂಕಿಗಳಿಂದ ಮಾತ್ರ ತಿಳಿಯದು. ಅಮೆರಿಕದ ಕೆನೆತ್ ರೀಗನ್ ಮತ್ತು ಬ್ರಿಟನ್ನಿನ ಗೈ ಹಾವರ್ತ್ ಬೇರೆ ಬೇರೆ ಕಾಲದ ಪಂದ್ಯಗಳ ನಡೆಗಳನ್ನು ಕಂಪ್ಯೂಟರಿನಿಂದ ಪರೀಕ್ಷಿಸಿ, ಒಂದೇ ಅಂಕದ ಆಟಗಾರರು ಮಾಡುವ ತಪ್ಪುಗಳ ಪ್ರಮಾಣ ದಶಕಗಳಲ್ಲಿ ಹೆಚ್ಚು ಬದಲಾಗಿಲ್ಲವೆಂದು 2011ರಲ್ಲಿ ತೋರಿಸಿದರು. ಉಬ್ಬರವೆಂದು ಜನ ಭಾವಿಸಿದ್ದರಲ್ಲಿ ಹೆಚ್ಚಿನ ಪಾಲು ಆಟದ ನಿಜವಾದ ಸುಧಾರಣೆಯೆಂದು ಇದರಿಂದ ತೋರುತ್ತದೆ.

ಟೇಬಲ್ ಟೆನ್ನಿಸ್‌ಗೆ ಅಂಥ ಸಾಧನವಿಲ್ಲ. ಚದುರಂಗದ ನಡೆ ಬರೆದಿಟ್ಟರೆ ಉಳಿಯುತ್ತದೆ. ಚೆಂಡಿಗೆ ಕೊಟ್ಟ ತಿರುಗನ್ನು ಯಾರೂ ಬರೆದಿಡುವುದಿಲ್ಲ. ಓಟದಲ್ಲಿರುವಂತೆ ಗಡಿಯಾರವೂ ಇಲ್ಲ. ಹೀಗಾಗಿ ಸಂಶೋಧಕರು ಸಾಮಾನ್ಯವಾಗಿ ಹಿಡಿಯುವ ದಾರಿ, ಮೂವತ್ತರ ಆಸುಪಾಸಿನ, ವರ್ಷಗಟ್ಟಲೆ ನಿಯಮಿತವಾಗಿ ಆಡುತ್ತ ಬಂದ ಆಟಗಾರರನ್ನು ಮಾತ್ರ ಆರಿಸಿಕೊಂಡು ಅವರ ಅಂಕಿಗಳ ಚಲನೆಯನ್ನು ಗಮನಿಸುವುದು. ಆ ವಯಸ್ಸಿನಲ್ಲಿ ಬಲ ಹೆಚ್ಚು ಬದಲಾಗುವುದಿಲ್ಲವೆಂಬ ಊಹೆಯ ಮೇಲೆ ಈ ವಿಧಾನ ನಿಂತಿದೆ. ಆ ಗುಂಪಿನ ಅಂಕಿಗಳು ಒಟ್ಟಾಗಿ ಇಳಿದರೆ ವ್ಯವಸ್ಥೆ ಕುಗ್ಗುತ್ತಿದೆಯೆಂದು ತಿಳಿಯಬಹುದು.

ಇದರ ಹಿಂದೆ ಇನ್ನೂ ಮೂಲಭೂತವಾದ ಪ್ರಶ್ನೆಯೊಂದಿದೆ. 1500 ಎಂಬ ಅಂಕಿ ಒಂದು ನಿರ್ದಿಷ್ಟ ಕೌಶಲವನ್ನು ಸೂಚಿಸಬೇಕೋ, ಅಥವಾ ಆಯಾ ಕಾಲದ ಆಟಗಾರರ ನಡುವೆ ಒಂದು ನಿರ್ದಿಷ್ಟ ಸ್ಥಾನವನ್ನು ಸೂಚಿಸಬೇಕೋ? ಮೊದಲನೆಯದಾದರೆ ಎಲ್ಲರೂ ಸುಧಾರಿಸಿದಾಗ ಎಲ್ಲರ ಅಂಕಿಗಳೂ ಏರಬೇಕು. ಏರದಿದ್ದರೆ ಅದು ಇಳಿತ. ಎರಡನೆಯದಾದರೆ ಎಲ್ಲರೂ ಒಟ್ಟಿಗೆ ಸುಧಾರಿಸಿದಾಗ ಯಾರ ಅಂಕಿಯೂ ಏರಬಾರದು. ಏರಿದರೆ ಅದು ಉಬ್ಬರ. ಒಂದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಒಬ್ಬರು ಉಬ್ಬರವೆಂದೂ ಇನ್ನೊಬ್ಬರು ಇಳಿತವೆಂದೂ ವಾದಿಸುವುದು ಬಹುತೇಕ ಈ ಕಾರಣದಿಂದಲೇ.

1966ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಉಷಾ ಸುಂದರರಾಜ್, 1997ರಲ್ಲಿ ಅದನ್ನು ಪಡೆದ ಚೇತನ್ ಬಬೂರ್ ಮತ್ತು ಈ ಶತಮಾನದ ಅರ್ಚನಾ ಕಾಮತ್ ಕರ್ನಾಟಕದ ಟೇಬಲ್ ಟೆನ್ನಿಸ್‌ನ ಮೂರು ಕಾಲಗಳವರು. ಇವರ ಬಲಗಳನ್ನು ಅಂಕಿಗಳಿಂದ ಹೋಲಿಸಲು ಆಸಕ್ತರು ಆಗಾಗ ಪ್ರಯತ್ನಿಸುವುದುಂಟು. ಚೆಂಡು, ಗೇಮ್‌ನ ಉದ್ದ, ಬ್ಯಾಟಿನ ರಬ್ಬರು ಎಲ್ಲವೂ ಬೇರೆಯಾಗಿದ್ದ ಈ ಮೂರು ಕಾಲಗಳನ್ನು ಬೆಸೆಯುವ ಅವಿಚ್ಛಿನ್ನ ರೇಟಿಂಗ್ ಪಟ್ಟಿ ಭಾರತದಲ್ಲಿ ಇದ್ದಿದ್ದರೂ ಮೇಲೆ ವಿವರಿಸಿದ ಕಾರಣಗಳಿಂದ ಅದು ಆ ಕೆಲಸಕ್ಕೆ ಒದಗುತ್ತಿರಲಿಲ್ಲ.